ದೇವರ ಟಗರಿನ ಕಿವಿ

ಬೆಳಿಗ್ಗೆ 9.20ಕ್ಕೆ ಮಾನ್ವಿ ಠಾಣೆಗೆ ಬಂದ ದೂರು ಆರು ತಲೆಗಳದ್ದು. ದೂರು ತಂದವರು ಸರ್ಕಾರಿ ಪಶುವೈದ್ಯೆ ಡಾ. ವಿಜಯಲಕ್ಷ್ಮಿ. ಇನ್‌ಸ್ಪೆಕ್ಟರ್ ಶಿವಗಂಗಾ ಕೊಲೆಯೆಂದೇ ಪೆನ್ನು ಎತ್ತಿಕೊಂಡರು. ಕುರಿಯ ತಲೆ ಎಂದಾಗ ಕೆಳಗಿಟ್ಟರು. ಪೂರ್ತಿ ಕೇಳಿದ ಮೇಲೆ ಮತ್ತೆ ಎತ್ತಿಕೊಂಡರು.

ಬಾಗಲವಾಡದ ಕಾಲುವೆ ದಂಡೆಯಲ್ಲಿ ಯಾರೋ ಹೂತಿದ್ದ ಏಳು ಕುರಿಗಳನ್ನು ನಾಯಿಗಳು ಕೆದರಿದ್ದವು. ಮೂರು ದಿನದ ಹಿಂದೆ ಆ ದಾರಿಯಲ್ಲಿ ಹೋದ ಹಿಂಡಿನಲ್ಲಿ ಕೆಲವು ನಡುಗುತ್ತ, ಗಿಡಕ್ಕೆ ಮೈ ತಿಕ್ಕುತ್ತ ಬೀಳುತ್ತಿದ್ದವೆಂದು ಊರವರು ಹೇಳಿದ್ದರು. ವೈದ್ಯೆ ನಿನ್ನೆ ಸಂಜೆ ಆಳದ ಗುಂಡಿ ತೋಡಿಸಿ, ಸುಣ್ಣ ಸುರಿಸಿ ಮುಚ್ಚಿಸಿದ್ದರು. ಮೆದುಳು ಕೆಡಿಸುವ ರೋಗದ ಅನುಮಾನವಿದ್ದುದರಿಂದ ಇಂದು ರಾಯಚೂರಿನ ತಂಡ ಬಂದು ಮೆದುಳಿನ ಮಾದರಿ ತೆಗೆಯಬೇಕಿತ್ತು. ಕಾವಲಿದ್ದವನು ಚಹಾಕ್ಕೆಂದು ಹೋಗಿ ಬೆಳಗಾದ ಮೇಲೆ ಬಂದಿದ್ದ. ಅಷ್ಟರಲ್ಲಿ ಆರು ತಲೆ ಮಾಯವಾಗಿದ್ದವು.

"ಇಂಥ ಕುರಿ ತಿಂದ್ರ ಮನುಷ್ಯಾನ ಮೆದುಳು ಕೆಡತದೇನ್ರೀ?" ಶಿವಗಂಗಾ ಕೇಳಿದರು.

"ಕುರಿಯಿಂದ ಬಂದದ್ದು ಎಲ್ಲೂ ಸಾಬೀತಾಗಿಲ್ರಿ. ದನದ ಮಾಂಸದಿಂದ ಬಂದದ್ದು ಬ್ಯಾರೆ ದೇಶದಾಗ ಸಾಬೀತಾಗ್ಯದ. ಕುದಿಸಿದ್ರೂ ಹೋಗಂಗಿಲ್ಲ ಅದು." ವೈದ್ಯೆ ಚೀಲದಿಂದ ಒಂದು ಚೀಟಿ ತೆಗೆದರು. "ರಾಯಚೂರು ಆಸ್ಪತ್ರ್ಯಾಗ ಸಿದ್ರಾಮ ಅಂತ ಒಬ್ಬ ಲಾರಿ ಡ್ರೈವರ್ ಅದಾನ. ನಾಕು ತಿಂಗಳದಾಗ ಹೆಂಡ್ತಿ ಹೆಸರೂ ಮರತಾನ. ದೇವದುರ್ಗದ ಸಂತ್ಯಾಗ ವಾರಾ ವಾರಾ ತಲಿಮಾಂಸ ತಿಂತಿದ್ನಂತ. ನಂಟು ಇದ್ರೂ ಇರಬಹುದು, ಇಲ್ಲದಿದ್ರೂ ಇರಬಹುದು. ಹಿಂಡು ಸಿಕ್ರನ ತಿಳಿಯೂದು. ಇವತ್ತ ಅಲ್ಲಿ ಸಂತಿ. ಉಳಿದ ಕುರಿ ಮಾರಿಹೋದ್ರ ಮುಗೀತ್ರಿ."

ಎಫ್ಐಆರ್ ದಾಖಲಾಯಿತು. 10.45ಕ್ಕೆ ಗುಂಡಿಯ ಬಳಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು.

ಜೊತೆಗಿದ್ದ ಕಾನ್‌ಸ್ಟೆಬಲ್ ಹನುಮಂತ್ರಾಯ ಕುರಿ ಕಾಯುವ ಮನೆಯವನು. ಜೀಪಿನಲ್ಲಿ ಕಂಬಳಿ ಇಟ್ಟುಕೊಂಡು ಓಡಾಡುತ್ತಾನೆಂದು ಠಾಣೆಯಲ್ಲಿ ಅವನನ್ನು ಆಡಿಕೊಳ್ಳದವರಿಲ್ಲ. ಅವನು ಗುಂಡಿಗೆ ಇಣುಕಿ ಒಂದೊಂದೇ ಕುರಿ ನೋಡಿದ.

"ಮಾಂಸದ ಕಳ್ಳ ಅಲ್ರಿ ಮೇಡಂ. ತೊಡಿ ಮುಟ್ಟಿಲ್ಲ."

"ಮತ್ತ್ಯಾರು?"

"ಇವುಗಳ ಒಡೆಯನ. ಈ ಏಳನೇದು ನೋಡ್ರಿ, ತಲಿ ಹಂಗ ಅದ. ಉಣ್ಣಿ ಕತ್ತರಿಸಿಲ್ಲ, ಹಣಿಗಿ ಭಂಡಾರದ ಅರಿಷಿಣ ಅದ. ಬೀರಪ್ಪ ದೇವರಿಗಿ ಬಿಟ್ಟ ಟಗರಿದು. ಇದಕ್ಕ ನಮ್ಮ ಮಂದಿ ಕತ್ತರಿ ಹಾಕಂಗಿಲ್ಲ, ಸತ್ತ ಮ್ಯಾಲೂ ಚೂರಿ ಹಾಕಂಗಿಲ್ಲ. ಕಳ್ಳ ಆಗಿದ್ರ ಇದನ್ನ್ಯಾಕ ಬಿಡ್ತಿದ್ದ?"

ಅವನು ಗುಂಡಿಗಿಳಿದು, ಕೈಗವಸು ಹಾಕಿಕೊಂಡು ಟಗರಿನ ಕಿವಿ ಬಿಡಿಸಿದ. ಎಡಗಿವಿಯ ತುದಿ ಸೀಳಿತ್ತು. ಬಲಗಿವಿಯ ಅಂಚಿನಲ್ಲಿ ಎರಡು ಕಚ್ಚು.

"ಮರಿ ಇದ್ದಾಗ ಹಾಕೂದಿದು. ಒಂದೊಂದು ಹಟ್ಟಿಗಿ ಒಂದೊಂದು ಗುರುತು. ಇದು ದೇವದುರ್ಗ ಸೀಮಿ ಮಾಳಿಂಗಪ್ಪಂದು. ಈ ಕಿವಿ ಮುಚ್ಚಾಕನ ಅಂವ ತಲಿ ಕಡದಾನ."

ಪಂಚನಾಮೆ ಬರೆಯುತ್ತಿದ್ದ ರೈಟರ್ ಮಲ್ಲೇಶ ನಗಲು ಬಾಯಿ ತೆರೆದವನು ಮುಚ್ಚಿಕೊಂಡ.

"ಬರಕೊ," ಎಂದರು ಶಿವಗಂಗಾ. "ಕಿವಿ ಚಿತ್ರಾನೂ ತಗಿ. ಗುರುತು ಹಿಡಿದಾವ್ರು ಹನುಮಂತ್ರಾಯ ಅಂತ ಪೂರ್ತಿ ಹೆಸರು ಹಾಕು." ಹನುಮಂತ್ರಾಯ ಗುಂಡಿಯಿಂದ ಮೇಲೆ ಬರುವಾಗ ಎದೆ ಸ್ವಲ್ಪ ಮುಂದೆ ಬಂದಿತ್ತು. ಬರಲಿ ಬಿಡಿ, ಹನ್ನೊಂದು ವರ್ಷದ ನೌಕರಿಯಲ್ಲಿ ಅದು ಮೊದಲ ಸಲ.

12.40ಕ್ಕೆ ದೇವದುರ್ಗದ ಸಂತೆ. ಮಾಳಿಂಗಪ್ಪನ ಹಿಂಡು ಎಲ್ಲೂ ಕಾಣಲಿಲ್ಲ. ತಲೆ-ಕಾಲು ಸುಟ್ಟು ಮಾರುವ ಮಲಂಗಸಾಬ ಉರಿಯ ಮುಂದಿನಿಂದ ಎದ್ದು ಬಂದ.

"ಮಾಳಿಂಗಪ್ಪ ತಲಿ ಮಾರಾಕ ತಂದಿದ್ನೇನು?" ಶಿವಗಂಗಾ ಕೇಳಿದರು.

"ಸತ್ತ ಕುರಿ ತಲಿ ನನ್ನ ಉರಿ ಮ್ಯಾಲ ಏರಂಗಿಲ್ರಿ. ಸಂತ್ಯಾಗ ಯಾರನ್ನರ ಕೇಳ್ರಿ."

"ಕುರಿ?"

"ಮೂರು ವಾರ ಆತು, ಅಂವ ಒಂದೂ ತಂದಿಲ್ಲ. ಹಟ್ಟಿಗೇ ಹೋಗಿ ಕೇಳಿದೆ. ಈಗ ನನ್ನ ಕುರಿ ತಿನ್ನೂವಂಗಿಲ್ಲ, ಹೋಗು ಸಾಬ ಅಂದ. ಅಲ್ಲೇ ಬೋರಿ ದಿಬ್ಬದ ಮ್ಯಾಲ ಅದಾನ್ರಿ."

ರೋಗದ ಕುರಿ ಸಂತೆಗೆ ಬಂದಿಲ್ಲವೆಂದು ಶಿವಗಂಗಾಗೆ ಅಲ್ಲಿಯೇ ಅರ್ಧ ಸಮಾಧಾನವಾಯಿತು.

2.10. ಬೋರೆಯ ಮೇಲೆ ಮಾಳಿಂಗಪ್ಪ ಉಣ್ಣೆ ನೂಲುತ್ತ ಕೂತಿದ್ದ. ಎಪ್ಪತ್ತರ ಆಸುಪಾಸಿನ, ಬೆನ್ನು ಬಾಗದ ಮನುಷ್ಯ. ಹಿಂಡಿನಿಂದ ದೂರ, ಮುಳ್ಳುಬೇಲಿಯೊಳಗೆ ನಡುಗುವ ಹನ್ನೊಂದು ಕುರಿಗಳು ಬೇರೆಯಾಗಿ ನಿಂತಿದ್ದವು.

"ತಲಿ ಎಲ್ಲಿ ಅದಾವ್ರಿ ಯಜಮಾನ್ರ?" ಎಂದರು ಶಿವಗಂಗಾ.

"ಆ ಬನ್ನಿಗಿಡದ ಬುಡಕ ಹೂತೀನ್ರಿ. ಚೀಲದಾಗ ಕಟಗೊಂಡು ಮೊದಲನೇ ಬಸ್ಸಿಗಿ ಬಂದೆ."

"ಯಾಕ ಕಡದ್ರಿ?"

"ನಾಯಿ ಕೆದರ‍್ಯಾವಂತ ಕೇಳಿ ನಿನ್ನೆ ಹೋಗಿದ್ದೆ. ಕಿವಿ ನೋಡಿ ಹಿಂಡು ಹುಡುಕ್ತಾರಂತ ಬಾಗಲವಾಡದ ಚಾದಂಗಡ್ಯಾಗ ಮಾತಾಡಾಕತ್ತಿದ್ರು. ನಮ್ಮಜ್ಜನ ಕಾಲದಿಂದ ಈ ಕಿವಿ ಕಂಡ್ರ ಮಂದಿ ಹಲ್ಲು ಸೈತ ನೋಡದಂಗ ಕುರಿ ಕೊಂಡು ಹೋಗ್ಯಾರ. ಹುಚ್ಚು ಹಿಡಿಸೂ ಕುರಿ ಅಂತ ಅದ ಕಿವಿನ ಮಂದಿ ತೋರ್ಸಿದ್ರ ನಾ ಹ್ಯಾಂಗ ಬಾಳ್ಲಿ?"

"ಆ ಟಗರಿಂದ್ಯಾಕ ಬಿಟ್ರಿ?" ಹನುಮಂತ್ರಾಯ ಉತ್ತರ ಗೊತ್ತಿದ್ದೇ ಕೇಳಿದ.

ಮುದುಕ ಅವನ ಮುಖ ನೋಡಿದ. "ನೀ ಯಾರ ಹಟ್ಟ್ಯಾವ ಅಂತ ತಿಳೀತು. ನಿನ್ನ ಕೈ ಏಳತಿತ್ತೇನಪ್ಪ?"

"ಇಲ್ಲ ಯಪ್ಪಾ."

"ನಡುಗೂ ಕುರಿ ಮಾರೀರೇನು?" ಎಂದರು ಶಿವಗಂಗಾ.

"ನಾನಾ?" ಮೊದಲ ಬಾರಿಗೆ ಅವನ ದನಿ ಏರಿತು. "ಒಂದೂ ಮಾರಿಲ್ಲ. ಇದನ್ನ ಬರೀರಿ. ಜೇಲಿಗಿ ಹಾಕ್ರಿ, ಆದ್ರ ಇದನ್ನ ಬರೀರಿ."

ತಲೆಗಳನ್ನು ಹೊರತೆಗೆದು, ಸೀಲು ಮಾಡಿ, ಮಂಜುಗಡ್ಡೆಯ ಡಬ್ಬಿಯಲ್ಲಿ ರಾಯಚೂರಿಗೆ ಕಳಿಸಲಾಯಿತು. ಹಿಂಡಿನ ಹೊಣೆ ಪಶುವೈದ್ಯರಿಗೆ ಹೋಯಿತು. 3.05ಕ್ಕೆ ಸಾಕ್ಷ್ಯನಾಶದ ಆರೋಪದಡಿ ಮಾಳಿಂಗಪ್ಪನ ದಸ್ತಗಿರಿಯಾಯಿತು.

ಸಂಜೆ 5.30ಕ್ಕೆ ಠಾಣೆಯಲ್ಲಿ ಹೇಳಿಕೆ ಓದಿ ತಿಳಿಸಿದರು. ಮಾಳಿಂಗಪ್ಪ ಕೈ ಅಡ್ಡ ಹಿಡಿದ.

"ಇನ್ನೂ ಅದ. ಮೊದಲನೇ ಕುರಿ ನಡಗೂಕಿಂತ ಮುಂಚೆ ಮಾರಿದ್ವು ಒಳಗ ಏನಿಟಗೊಂಡಿದ್ವೋ ನನಗ ಗೊತ್ತಿಲ್ಲ. ಈ ವರ್ಷ ಯಾರ‍್ಯಾರಿಗಿ ಕೊಟ್ಟೀನಿ, ಹೇಳ್ತೀನಿ. ನೀವು ದಾರ‍್ಯಾಗ ಹೇಳಿದ ಆ ಸಿದ್ರಾಮಗ ಉಪಯೋಗಾದ್ರ ಆಗ್ಲಿ."

ಅವನು ಮೂವತ್ತೊಂದು ಹೆಸರು ಹೇಳಿದ. ಯಾವ ಸಂತೆ, ಯಾವ ಬಣ್ಣದ ಕುರಿ, ಒಂದನ್ನೂ ತಡವರಿಸಲಿಲ್ಲ. ನಾಲ್ಕು ತಿಂಗಳಿಂದ ರಾಯಚೂರಿನ ವೈದ್ಯರಿಗೆ ಸಿಗದ ಹಾದಿ ಅದು. ಶಿವಗಂಗಾಗೆ ಆ ಮನುಷ್ಯನ ಬಗ್ಗೆ ಹೆಮ್ಮೆಯೆನಿಸಿತು. ಆರೋಪಿಯ ಬಗ್ಗೆ ಹೆಮ್ಮೆಪಡಲು ಇಲಾಖೆಯಲ್ಲಿ ನಮೂನೆ ಇಲ್ಲದ ಕಾರಣ ಅವರು ಅವನಿಗೆ ಚಹಾ ತರಿಸಿದರು.

ಮಲ್ಲೇಶ ಹೆಬ್ಬೆಟ್ಟಿಗೆ ಮಸಿ ಹಚ್ಚಿದ. ಮಾಳಿಂಗಪ್ಪ ಹೆಬ್ಬೆಟ್ಟು ಒತ್ತಿ, ಹನುಮಂತ್ರಾಯನ ಕಡೆ ಕೈ ಚಾಚಿ ಪೆನ್ನು ಕೇಳಿದ. ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ನಿಧಾನವಾಗಿ ಎರಡು ಕಿವಿ ಬರೆದ. ಎಡಗಿವಿಯ ತುದಿ ಸೀಳಿದ. ಬಲಗಿವಿಗೆ ಎರಡು ಕಚ್ಚು ಹಾಕಿದ.