ರಿಜಿಸ್ಟರ್ ಕಾಯಬೇಕಾದವರು

ಎರಡನೇ ರೊಟ್ಟಿಯೂ ಕರಕಲಾದಾಗ ಗವಿಸಿದ್ದೇಶ್ ನನ್ನನ್ನು ನೋಡಿದ. ನಾನೂ ನೋಡಿದೆ, ರೆಪ್ಪೆ ಬಡಿಯದೆ.

“ತಪ್ಪು ನಿಮ್ಮ ಕಂಪೈಲರಿಂದು ರೀ,” ಅಂದ.

“ಸುಟ್ಟ ವಾಸನಿ ನಿಮ್ಮ ಕರ್ನಲ್ ಕಡಿಂದ ಬರಾಕತ್ತೈತಿ, ನೋಡ್ರಿ.”

ನಮ್ಮ ಕೊಟ್ಟೂರಿನ ಮೆಕ್ಯಾನಿಕ್ ಗುಲಾಮಹುಸೇನ ಚಾಚಾ ತಮ್ಮ ಶೆಡ್ಡಿನಲ್ಲಿ ರೊಟ್ಟಿ ಮಷಿನ್ ಕಟ್ಟಿದ್ದರು. ಅದರ ಪುಟ್ಟ ಕಂಪ್ಯೂಟರ್ ಬೋರ್ಡನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಕರ್ನಲ್, ಬರೆದವನು ಹರಪನಹಳ್ಳಿಯ ಇವನು. ಬರೆದ ಸಾಲುಗಳನ್ನು ಯಂತ್ರದ ಭಾಷೆಗಿಳಿಸಿ ಅದರ ಮೇಲೆ ಓಡುವ ಪ್ರೋಗ್ರಾಂ ಕಟ್ಟುವ ಕಂಪೈಲರ್ ನನ್ನದು. ನನ್ನ ಕೆಲಸದಲ್ಲಿ ತಪ್ಪು ಸಿಗುವುದು ಕಡಿಮೆ. ಜಂಬ ಅನ್ನುವವರು ಅನ್ನಲಿ.

ಆದರೆ ನನ್ನ ಸಿಟ್ಟು ರೊಟ್ಟಿಗಲ್ಲ. ನಮ್ಮಿಬ್ಬರದು ಚಾಚಾನೇ ಹೇಳಿದ ಮದುವೆ ಸಂಬಂಧ. ಮೂರು ವಾರದ ಹಿಂದೆ ಇವನ ಮನೆಯವರು ನನ್ನನ್ನು ನೋಡಲು ಬಂದಿದ್ದರು. ಮಂಡಕ್ಕಿ, ಮಿರ್ಚಿ ತಿಂದು, ನಕ್ಕು ಹೋದವರ ಸುದ್ದಿಯೇ ಇಲ್ಲ. ನನಗೋ ಅವನು ಹಿಡಿಸಿಬಿಟ್ಟಿದ್ದ. ಮಾತಿಗೆ ಮೊದಲು ಕನ್ನಡಕ ಮೇಲೆ ಸರಿಸುವ ರೀತಿ, ತುಟಿಯಂಚಿನಲ್ಲೇ ನಿಲ್ಲುವ ಆ ನಗು. ಬೇಡವಾಗಿದ್ದರೆ ಬಾಯಿ ಬಿಟ್ಟು ಹೇಳಬೇಕಿತ್ತು.

ಒಂದೇ ಲ್ಯಾಪ್‌ಟಾಪಿಗೆ ಇಬ್ಬರೂ ಬಾಗಿದೆವು. ಪ್ರೋಗ್ರಾಂ ‘ಇನ್ನೂರ ಹತ್ತು ಡಿಗ್ರಿ’ ಎಂದು ಒಂದು ರಿಜಿಸ್ಟರಿನಲ್ಲಿ, ಅಂದರೆ ಚಿಪ್ಪಿನೊಳಗಿನ ಪುಟ್ಟ ಖಾನೆಯಲ್ಲಿ, ಇಟ್ಟುಕೊಂಡು, ಸಮಯ ಕೇಳಲು ಕರ್ನಲನ್ನು ಕರೆಯುತ್ತಿತ್ತು. ಉತ್ತರ ಬರುವಷ್ಟರಲ್ಲಿ ಅಲ್ಲಿ ಬೇರೆಯೇ ದೊಡ್ಡ ಸಂಖ್ಯೆ, ಆ ಬಿಸಿಗೆ ರೊಟ್ಟಿ ಕರಕಲು.

“ಆ ರಿಜಿಸ್ಟರ್ ನಾನೂ ಬಳಸ್ತೀನಿ,” ಅಂದ. “ಅದರಾಗಿಂದು ಎತ್ತಿಟ್ಕೊಂಡು ಕರೀಬೇಕು, ಕರಿಯೋರ ಕೆಲಸ ಅದು.”

“ನಮ್ಮಲ್ಲಿ ಕರಸ್ಕೊಂಡೋರು ಎತ್ತಿಟ್ಟು, ಇದ್ದಂಗ ವಾಪಸ್ ಕೊಡಬೇಕು.”

ಎರಡೂ ಸರಿಯೇ. ಕಾಲಿಂಗ್ ಕನ್ವೆನ್ಷನ್ ಅಂದರೆ ಇಷ್ಟೇ, ಯಾವ ಕೆಲಸ ಯಾರದು ಎಂದು ಮೊದಲೇ ಮಾತಾಡಿಕೊಳ್ಳುವುದು. ನಾವು ಮಾತಾಡಿಕೊಂಡಿರಲಿಲ್ಲ.

ಅವನು ಇದ್ದಕ್ಕಿದ್ದಂತೆ ತಲೆಯೆತ್ತಿದ. “ನಿಮ್ಮ ಮನಿಯೋರು ಯಾಕ ಬರ್ಲಿಲ್ಲ?”

“ಎಲ್ಲಿಗಿ?”

“ನಮ್ಮ ಮನಿ ನೋಡಾಕ. ನಮ್ಮ ಕಡಿ ಹುಡುಗಿ ಮನಿಯೋರು ಬಂದು ಹೋದಮ್ಯಾಲನ ಮುಂದಿನ ಮಾತು. ನಮ್ಮವ್ವ ದಿನಾ ಬಾಗಿಲು ಕಾಯ್ತಾಳ. ನಾ ನಿಮಗ ಹಿಡಿಸಿಲ್ಲ ಅನ್ಕೊಂಡೆ.”

“ಅಯ್ಯ! ನಮ್ಮಲ್ಲಿ ಗಂಡಿನ ಕಡಿಯೋರು ಹೇಳಿ ಕಳಸೋತನ ಹುಡುಗಿ ಮನಿಯೋರು ಹೊಸಲು ದಾಟಂಗಿಲ್ಲ. ಅಪ್ಪ ಫೋನ್ ಹಿಡ್ಕೊಂಡ ಕುಂತಾನ.”

ಮೂರು ವಾರದ ಸಿಟ್ಟು ಒಂದೇ ಉಸಿರಿಗೆ ಇಳಿಯಿತು. ಎಷ್ಟು ಖುಷಿಯಾಯಿತೆಂದರೆ ಕಣ್ಣು ತುಂಬಿಬಂತು. ಅದನ್ನು ಅಡಗಿಸಲು ಕೀಬೋರ್ಡ್ ಎಳೆದುಕೊಂಡೆ.

“ಇನ್ನು ನಾನ ಎತ್ತಿಡ್ತೀನಿ ಬಿಡ್ರಿ.”

“ನಾನೂ ಎತ್ತಿಡ್ತೀನಿ. ಇಬ್ರೂ ಇಟ್ರ ಚೂರು ನಿಧಾನ ಆಕ್ಕೈತಿ, ಕೆಡಂಗಿಲ್ಲ.”

ಮೂರನೇ ರೊಟ್ಟಿ ಬೆಳ್ಳಗೆ ಉಬ್ಬಿ ಬಂತು. ಚಾಚಾ ಅದನ್ನು ನಮಗೆ ತೋರಿಸಿ ತಾವೇ ತಿಂದರು.

“ಗವಿಸಿದ್ದೇಶ್, ನೀವು ನನಗ ಬಾಳ ಹಿಡಿಸೀರಿ,” ಅಂದೆ. “ಅವತ್ತ ಹಿಡಿಸಿದ್ರಿ.”

ಅವನ ಕಿವಿ ಕೆಂಪಾಯಿತು. ಫೋನ್ ತೆಗೆದು, ಸ್ಪೀಕರ್ ಹಾಕಿದ. “ಅವ್ವಾ, ನನಗ ಗೀತಾಂಜಲಿನ ಬೇಕು. ಅವರಪ್ಪಗ ಹೇಳಿ ಕಳಸು.”

“ಮೊದಲ ಅವ್ರು ಮನಿ ನೋಡಾಕ ಬರ್ಲಿ,” ಅಂದರು ಅವನವ್ವ ಕೊಟ್ರಮ್ಮ.

ನಾನು ಫೋನ್ ಕಸಿದುಕೊಂಡೆ. “ಅತ್ತಿ, ನಾಳಿ ಹತ್ತರ ಬಸ್ಸಿಗಿ ಅಪ್ಪನ ಕರ್ಕೊಂಡು ನಾನ ಬರ್ತೀನಿ.”

ಅವನು ನನ್ನ ಕೈ ಹಿಡಿದುಕೊಂಡ, ಗಟ್ಟಿಯಾಗಿ.

“ಬಾರವ್ವ,” ಅಂದರು ಕೊಟ್ರಮ್ಮ. “ನಿಮ್ಮಪ್ಪಗ ಈಗ ನಾನ ಫೋನ್ ಹಚ್ಚತೀನಿ.”