ಒಣ ಕೋಲು

"ಇಳೀರಿ ಕೆಳಗೆ! ಈಗಲೇ!"

ಕಂಬದ ಮೇಲಿಂದ ಬಗ್ಗಿ ನೋಡಿದೆ. ಚಾರಣಕ್ಕೆ ಕರೆದುಕೊಂಡು ಹೋಗುವವರ ಆಫೀಸಿನ ಬಾಗಿಲಲ್ಲಿ ಒಬ್ಬ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಹನ್ನೊಂದು ವರ್ಷದಿಂದ ಕರೆಂಟ್ ಕಂಬ ಹತ್ತುತ್ತಿದ್ದೇನೆ. ಹೆಂಗಸು ಅಂತ ಬುದ್ಧಿ ಹೇಳೋಕೆ ಬಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಮೈಯೆಲ್ಲ ಉರಿದುಹೋಯಿತು.

"ಲೈನ್ ಆಫ್ ಮಾಡಿದೀನಿ ಸ್ವಾಮಿ. ನನ್ನ ಕೆಲಸ ನಂಗೊತ್ತು."

"ನೀವು ಆಫ್ ಮಾಡಿದೀರಿ. ಮೇಲಿರೋನು ಮಾಡಿಲ್ವಲ್ಲ!" ಅಂತ ಆಕಾಶ ತೋರಿಸಿದ. ದೂರದಲ್ಲೆಲ್ಲೋ ಗುಡುಗಿತು. "ಗುಡುಗು ಕಿವಿಗೆ ಬಿತ್ತು ಅಂದ್ರೆ ಸಿಡಿಲು ನಮ್ಮನ್ನ ಮುಟ್ಟೋಷ್ಟು ಹತ್ತಿರ ಇದೆ ಅಂತಲೇ. ಕೊನೇ ಗುಡುಗಾಗಿ ಅರ್ಧ ಗಂಟೆ ಕಳೀಲಿ, ಆಮೇಲೆ ಹತ್ತಿ."

ಗೊಣಗುತ್ತಾ ಇಳಿದೆ. ಆ ಅರ್ಧ ಗಂಟೆ ಅವನ ಆಫೀಸಿನಲ್ಲಿ ಟೀ ಕುಡಿಯುತ್ತಾ ಕೂತೆ. ನಿಮಿಷಕ್ಕೊಂದು ಸಲ ಗಡಿಯಾರ ನೋಡುತ್ತಿದ್ದ. ಗಡಿಯಾರ ಇದ್ದದ್ದು ನನ್ನ ತಲೆಯ ಮೇಲೆ. ಅವನ ನೋಟ ಮಾತ್ರ ಪ್ರತಿ ಸಲವೂ ಒಂದು ಗೇಣು ಕೆಳಗೇ ನಿಲ್ಲುತ್ತಿತ್ತು.

"ಟೈಮ್ ಎಷ್ಟಾಯ್ತು?" ಕೇಳಿದೆ.

"ಅಯ್ಯೋ, ನೋಡಲೇ ಇಲ್ಲ," ಅಂದ. ಕಿವಿ ಕೆಂಪಾಗಿತ್ತು.

ಅಲ್ಲಿಂದ ಎರಡು ವರ್ಷ ರಜೆ ಸಿಕ್ಕಾಗಲೆಲ್ಲ ಅವನ ಗುಂಪಿನ ಜೊತೆ ಬೆಟ್ಟ ಹತ್ತಿದೆ. ನನ್ನನ್ನು "ಲೈನಮ್ಮ" ಅಂತಿದ್ದ. ಮಧ್ಯಾಹ್ನ ಹನ್ನೆರಡಾದರೆ, ಇನ್ನು ಗುಡುಗು ಏಳುವ ಹೊತ್ತು ಅಂತ, ಶಿಖರ ಹತ್ತೇ ಹೆಜ್ಜೆ ದೂರ ಇದ್ದರೂ ಎಲ್ಲರನ್ನೂ ತಿರುಗಿಸಿಬಿಡುತ್ತಿದ್ದ. ಎಷ್ಟು ಬೇಡಿಕೊಂಡರೂ ಕರಗುವ ಆಸಾಮಿಯಲ್ಲ. ಆ ಹಟಮಾರಿಯನ್ನು ನಾನು ಪ್ರೀತಿಸಿದೆ, ಇನ್ನೇನು ಹೇಳಲಿ.

ಆ ದಿನ ಅವನು ಯಾವ ತಪ್ಪೂ ಮಾಡಲಿಲ್ಲ. ಬೆಳಗ್ಗೆ ಹತ್ತಕ್ಕೇ ಬೆಟ್ಟದ ಹಿಂದಿನಿಂದ ಮೋಡ ಎದ್ದಿತು. ಗುಂಪಿನ ಎಂಟು ಜನರನ್ನೂ ದಿಣ್ಣೆಯಿಂದ ಇಳಿಸಿದ, ಒಂಟಿ ಮರದ ಹತ್ತಿರ ಹೋಗಲು ಬಿಡಲಿಲ್ಲ. ಇಳಿಜಾರಿನಲ್ಲಿ ಒಬ್ಬೊಬ್ಬರನ್ನೂ ಐವತ್ತು ಹೆಜ್ಜೆ ದೂರ ದೂರ ಕುಕ್ಕರಗಾಲಲ್ಲಿ ಕೂರಿಸಿದ. ಒಂದೇ ಸಿಡಿಲು ಎಲ್ಲರನ್ನೂ ಒಯ್ಯಬಾರದು ಅಂತ. ನಾನು ಅವನ ತೋಳು ಹಿಡಿದುಕೊಂಡೆ.

"ನೀನೂ ಕಣೇ. ದೂರ ಹೋಗು. ಪ್ರೀತಿ ಗೀತಿ ಎಲ್ಲ ಮನೇಲಿ."

ನಗುತ್ತಲೇ ಹೋಗಿ ಕೂತೆ. ಅವನಿನ್ನೂ ನಿಂತು ತಲೆ ಎಣಿಸುತ್ತಿದ್ದ. ಕಣ್ಣು ಕುಕ್ಕುವ ಬೆಳಕು ಬಂತು. ಕಣ್ಣು ಬಿಟ್ಟಾಗ ಅವನು ಅಂಗಾತ ಬಿದ್ದಿದ್ದ.

ನಮ್ಮ ಕೆಲಸದಲ್ಲಿ ಮೊದಲ ದಿನವೇ ಕಲಿಸುತ್ತಾರೆ: ಶಾಕ್ ಹೊಡೆದವನನ್ನು ಮುಟ್ಟಬೇಡ. ಕರೆಂಟ್ ತೆಗಿ, ಇಲ್ಲವಾದರೆ ಒಣ ಕೋಲಿನಿಂದ ತಂತಿ ಬಿಡಿಸು. ಜೊತೆಯವನನ್ನು ಉಳಿಸಲು ಹೋಗಿ ತಾನೂ ಸತ್ತವನನ್ನು ಕಂಬದಿಂದ ನಾನೇ ಇಳಿಸಿದ್ದೇನೆ. ಎಲ್ಲರಿಗಿಂತ ಮೊದಲು ಓಡಿದವಳು ನಾನು. ಎರಡು ಹೆಜ್ಜೆ ದೂರದಲ್ಲಿ ನಿಂತವಳೂ ನಾನೇ.

"ಮುಟ್ಟಬೇಡಿ! ಮೈಯಲ್ಲಿ ಕರೆಂಟಿದೆ!" ಎರಡೂ ಕೈ ಚಾಚಿ ಉಳಿದವರನ್ನು ತಡೆದೆ. ನನ್ನ ಕೆಲಸ ಏನು ಅಂತ ಎಲ್ಲರಿಗೂ ಗೊತ್ತಿತ್ತು, ನಂಬಿ ನಿಂತರು. ಮಳೆಗೆ ನೆನೆದ ಬೆಟ್ಟದಲ್ಲಿ ಒಣ ಕೋಲು ಹುಡುಕಿದೆ. ಬಂಡೆಯ ಸಂದಿಯಲ್ಲಿ ಒಂದು ಸಿಕ್ಕಿತು. ಅದರಿಂದ ಅವನ ಹೆಗಲನ್ನು ತಳ್ಳಿದೆ. ಯಾವ ತಂತಿಯಿಂದ ಬಿಡಿಸುತ್ತಿದ್ದೆನೋ! ಅಲ್ಲಿದ್ದದ್ದು ಬರೀ ಹುಲ್ಲು.

ಗುಂಪಿನಲ್ಲಿ ಎಲ್ಲರಿಗಿಂತ ದೂರ ಕೂತಿದ್ದ ಹಲ್ಲಿನ ಡಾಕ್ಟರಮ್ಮ ಒಬ್ಬರು ಏದುಸಿರು ಬಿಡುತ್ತಾ ಬಂದರು. "ಏನ್ರೀ ಮಾಡ್ತಿದೀರಾ? ಸಿಡಿಲು ಬಡಿದು ಹೋಗಾಯ್ತು, ಮೈಯಲ್ಲಿ ಏನೂ ಉಳಿದಿರಲ್ಲ. ಇವರಿಗೆ ಉಸಿರಿಲ್ಲ!" ನನ್ನನ್ನು ತಳ್ಳಿ ಅವನ ಎದೆ ಒತ್ತತೊಡಗಿದರು. ಅವರ ಕೈ ಸೋತಾಗ ನಾನು ಒತ್ತಿದೆ. ನನ್ನ ಅಂಗೈ ಕೆಳಗೆ ಅವನ ಪಕ್ಕೆಲುಬು ಮುರಿದದ್ದು ಗೊತ್ತಾಯಿತು. ಆದರೂ ಒತ್ತಿದೆ. ಹೆಚ್ಚು ಕಡಿಮೆ ಹತ್ತು ನಿಮಿಷಕ್ಕೆ ಅವನು ಉಸಿರೆಳೆದ.

ಅದಾಗಿ ಈಗ ನಾಲ್ಕು ತಿಂಗಳು. ಅವನ ಬಲಗೈ ನಡುಗುತ್ತದೆ, ಲೋಟ ನಿಲ್ಲುವುದಿಲ್ಲ. ಆ ದಿನ ಅವನ ನೆನಪಿನಲ್ಲೇ ಇಲ್ಲ. ಉಸಿರಿಲ್ಲದ ಆ ಮೊದಲ ನಿಮಿಷಗಳೇ ಮಿದುಳಿಗೆ ಪೆಟ್ಟು ಕೊಟ್ಟವು ಅಂತ ಆಸ್ಪತ್ರೆಯಲ್ಲಿ ಹೇಳಿದರು. ಬೆಟ್ಟದ ಕೆಲಸ ಇನ್ನು ಕನಸಿನ ಮಾತು. ಅವನ ಅಕ್ಕ ಮಾತ್ರ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನನ್ನ ತಮ್ಮನ್ನ ಉಳಿಸಿದ್ದು ಇವಳೇ," ಅನ್ನುತ್ತಾರೆ. ಪ್ರತಿ ಸಲವೂ ನಾನು ತಲೆ ತಗ್ಗಿಸುತ್ತೇನೆ. ಅದನ್ನು ವಿನಯ ಅಂದುಕೊಳ್ಳುತ್ತಾರೆ, ಪಾಪ.

ಭಾನುವಾರ ಬೆಳಗ್ಗೆ ಅವನ ಶರ್ಟಿನ ಗುಂಡಿ ಹಾಕುತ್ತಿದ್ದೆ. "ನನ್ನ ಮದ್ವೆ ಆಗ್ತೀಯಾ?" ಅಂದ. "ಸಾವಿನ ಬಾಯಿಂದ ಎಳ್ಕೊಂಡು ಬಂದೋಳು ನೀನು. ನಿನ್ನ ಬಿಟ್ಟು ನಂಗೆ ಇನ್ಯಾರು?"

ಹೂಂ ಅಂದುಬಿಡಬಹುದಿತ್ತು. ನಾಲ್ಕು ತಿಂಗಳಿಂದ ಅದೊಂದು ಮಾತಿಗೆ ಕಾದಿದ್ದೆ. ಆದರೆ ಹೂಂ ಅಂದ ಮೇಲೆ ನಿಜ ಹೇಳುವ ಧೈರ್ಯ ಈ ಜನ್ಮದಲ್ಲಿ ಬರುತ್ತಿರಲಿಲ್ಲ.

"ನಾನು ನಿನ್ನ ಮುಟ್ಟಲಿಲ್ಲ," ಅಂದೆ.

"ಏನು?"

"ಮೊದಲು ಮುಟ್ಟಲಿಲ್ಲ. ಬೇರೆಯವರನ್ನೂ ಬಿಡಲಿಲ್ಲ. ಕೋಲಿನಿಂದ ತಳ್ಳಿದೆ ನಿನ್ನ, ಸತ್ತ ಹಾವನ್ನ ತಳ್ಳಿದ ಹಾಗೆ." ಉಳಿದದ್ದನ್ನೂ ಹೇಳಿದೆ, ಒಂದನ್ನೂ ಬಿಡದೆ.

"ಎಷ್ಟು ಹೊತ್ತು?"

"ಎರಡು ನಿಮಿಷ. ಮೂರೂ ಇರಬಹುದು."

ಅವನು ತನ್ನ ಬಲಗೈ ನೋಡಿಕೊಂಡ. ಅದು ತೊಡೆಯ ಮೇಲೆ ನಡುಗುತ್ತಿತ್ತು.

"ಹೆದರಿದ್ಯಾ?"

"ಹೂಂ. ಸಾಯೋಕೆ ಹೆದರಿದೆ. ನಿನಗಿಂತ ನನ್ನ ಜೀವ ದೊಡ್ಡದಾಯ್ತು ಆಗ."

ಉಳಿದ ಗುಂಡಿ ಹಾಕಲು ಕೈ ಚಾಚಿದೆ. ಅವನು ಹಿಂದಕ್ಕೆ ಸರಿದ. "ಬೇಡ. ಹೋಗು ನೀನು."

ಎದ್ದೆ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುವಾಗ ಕಣ್ಣು ಕಾಣಿಸುತ್ತಿರಲಿಲ್ಲ, ಎಡದ್ದು ಬಲಕ್ಕೆ ಹಾಕಿಕೊಂಡೆ. ಒಳಗಿಂದ ಅವನ ದನಿ ಬಂತು.

"ನಾಳೆ ಬಾ. ಇವತ್ತು ಸಿಟ್ಟಿದೆ ನಂಗೆ."

"ನಾಳೆ ಸಿಟ್ಟಿರಲ್ವಾ?"

ಬಗ್ಗಿ ಚಪ್ಪಲಿ ಅದಲು ಬದಲು ಮಾಡಿಕೊಂಡೆ.

"ಇರುತ್ತೆ," ಅಂದ. "ಆದ್ರೂ ಬಾ."