ಆಟ ಬಿಡ್ತೀವಿ

"ಝೂಲಾ ಒಳ್ಳೆ ಅಂಗಡಿ. ಆದರೆ ಕಪಾಟು ಖಾಲಿ. ಖಾಲಿ ಅಂಗಡಿಗೆ ನಮ್ಮ ಕಂಪನಿ ಸರಕು ಹಾಕೋದಿಲ್ಲ."

ವೇದಿಕೆಯ ಮೇಲಿದ್ದ ಸುಧನ್ವ ಹಿಂದಿಯಲ್ಲಿ ಇಷ್ಟು ಹೇಳಿದ್ದೇ ತಡ, ಅಹಮದಾಬಾದಿನ ಆ ಸಭಾಂಗಣದಲ್ಲಿ ಕೂತಿದ್ದ ಗೇಮ್ ಕಂಪನಿಗಳವರೆಲ್ಲ ನಕ್ಕರು. ಒಬ್ಬಳನ್ನು ಬಿಟ್ಟು.

ನಿಶ್ಚಿತಾ ಮೈಕ್ ಇಸಿದುಕೊಂಡು ಎದ್ದು ನಿಂತಳು.

"ಎಲ್ಲರೂ ಖಾಲಿ ಖಾಲಿ ಅಂತ ಹೊರಗೇ ನಿಂತರೆ ಕಪಾಟು ತುಂಬೋದು ಯಾವಾಗ, ಸರ್?" ಎಂದು ಹಿಂದಿಯಲ್ಲೇ ಕೇಳಿದಳು. ಕೂರುವಾಗ, ಇಲ್ಲಿ ಯಾರಿಗೆ ಅರ್ಥವಾದೀತು ಎಂಬ ಧೈರ್ಯದಲ್ಲಿ ಕನ್ನಡದಲ್ಲಿ ಗೊಣಗಿದಳು. "ಮಾತು ನೋಡಿದ್ರೆ ಮಹಾರಾಜ. ಮೂತಿ ನೋಡಿದ್ರೆ ಸುಟ್ಟ ಬದನೆಕಾಯಿ."

ವೇದಿಕೆಯಿಂದ ಅರ್ಧಂಬರ್ಧ ಕನ್ನಡದಲ್ಲಿ ಉತ್ತರ ಬಂತು.

"ಬೇನ್... ಮೈಕ್ ಚಾಲೂ ಇದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಪಾಪ, ನಿಶ್ಚಿತಾಳಿಗೆ...

ತುಮಕೂರಿನ ಈ ಹುಡುಗಿ ಅಹಮದಾಬಾದಿಗೆ ಬಂದಿದ್ದೇ ಝೂಲಾಕ್ಕಾಗಿ. ಅಂಗೈ ಮೇಲಿಟ್ಟು ಆಡುವ ಪುಟ್ಟ ಗೇಮಿಂಗ್ ಕನ್ಸೋಲ್ ಅದು. ಕಂಪನಿ ತಾನೇ ಮಾಡಿದ ನಾಲ್ಕಾರು ಆಟಗಳೇನೋ ಅದರಲ್ಲಿದ್ದವು. ಆದರೆ ಮನೆ ಅಡುಗೆಯೊಂದನ್ನೇ ಬಡಿಸಿ ಹೋಟೆಲ್ ನಡೆಸಲು ಆಗುತ್ತದೆಯೇ? ಹೊರಗಿನ ಪ್ರಕಾಶಕರು ತಮ್ಮ ಆಟಗಳನ್ನು ಝೂಲಾದಲ್ಲೂ ಬರುವಂತೆ ಮಾಡಬೇಕು. ಅವರನ್ನು ಒಪ್ಪಿಸುವುದೇ ನಿಶ್ಚಿತಾಳ ಕೆಲಸ. ಈ ದಂಧೆಯಲ್ಲಿ ಅದಕ್ಕೆ 'ಥರ್ಡ್ ಪಾರ್ಟಿ ಸಪೋರ್ಟ್' ಎನ್ನುತ್ತಾರೆ. ತುಮಕೂರಿನಲ್ಲಿ ಅವಳಮ್ಮ ಮಾತ್ರ ಮಗಳು ಸ್ಕೂಟರ್ ಇನ್ಶೂರೆನ್ಸ್ ಮಾಡಿಸುತ್ತಾಳೆಂದು ಊರೆಲ್ಲ ಹೇಳಿಕೊಂಡು ಬಂದಿದ್ದರು.

"ಉತ್ತರಾಯಣದ ಗಾಳಿಪಟದ ಹಬ್ಬದೊಳಗೆ ಒಬ್ಬ ದೊಡ್ಡ ಪ್ರಕಾಶಕನಾದರೂ ಬರಬೇಕು. ಇಲ್ಲದಿದ್ದರೆ ಝೂಲಾ ನಿಲ್ಲಿಸುತ್ತಾರೆ. ನೀನೂ ಊರಿನ ದಾರಿ ಹಿಡಿಯಬೇಕಾಗುತ್ತೆ," ಎಂದಿದ್ದರು ಅವಳ ಬಾಸ್ ಮಹೇಶ್‌ಭಾಯಿ.

ಆ ದೊಡ್ಡ ಪ್ರಕಾಶಕರು ಸೂರತ್‌ನಲ್ಲಿದ್ದರು. ಅವರ 'ರಿಕ್ಷಾ ರಾಜ' ಎಂಬ ಆಟೋ ಓಡಿಸುವ ಆಟವನ್ನು ಆಡದ ಮಕ್ಕಳೇ ಇರಲಿಲ್ಲ. ಅದು ಯಾವ ಯಾವ ಕನ್ಸೋಲಿಗೆ ಹೋಗಬೇಕೆಂದು ಸಲಹೆ ಕೊಡುವವನು ಯಾರು ಗೊತ್ತೇ? ಇದೇ ಸುಟ್ಟ ಬದನೆಕಾಯಿ!

ಸಭೆ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ.

"ಸುಟ್ಟ ಬದನೆಕಾಯಿಂದ ನಮ್ಮ ಕಡೆ ಓಳೋ ಮಾಡ್ತಾರೆ, ಬೇನ್. ಚಳಿಗಾಲದಲ್ಲಿ ರೊಟ್ಟಿ ಜೊತೆ ಮಸ್ತ್ ಇರುತ್ತೆ."

"ಸಾರಿ..." ಎಂದಳು ನೆಲ ನೋಡುತ್ತಾ.

"ಝೂಲಾ ತಗೊಂಡು ಸೂರತ್‌ಗೆ ಬನ್ನಿ. ನಮ್ಮ ಆಟ ಅದ್ರಲ್ಲಿ ಬರಾಬರ್ ಓಡಿದ್ರೆ ನಾನೇ ಶೇಠ್ ಹತ್ರ ಮಾತಾಡ್ತೀನಿ. ಓಡಲಿಲ್ಲ ಅಂದ್ರೆ ಬದನೆಕಾಯಿ ನೀವು."

ಅಂದಿನಿಂದ ಪ್ರತಿ ಶನಿವಾರ ಬೆಳಗಿನ ರೈಲು ಹತ್ತುವುದು ಅವಳಿಗೆ ಅಭ್ಯಾಸವಾಯಿತು. ಝೂಲಾದಲ್ಲಿ ಅವರ ರಿಕ್ಷಾ ಬಯಲಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಸಂತೆಬೀದಿಗೆ ಬಂದರೆ ಸಾಕು, ತಳ್ಳುಗಾಡಿ, ದನ, ಜನ ಎಲ್ಲ ಒಟ್ಟಿಗೆ ಬಂದು ಪರದೆ ತಡವರಿಸುತ್ತಿತ್ತು. ದೂರದ ಗಾಡಿಗಳನ್ನು ಮಬ್ಬಾಗಿಸಿ ನೋಡೋಣ ಎಂದಳು ಅವಳು. ದನಗಳನ್ನು ಕಡಿಮೆ ಮಾಡೋಣ ಎಂದ ಅವನು. ದನವಿಲ್ಲದ ಬೀದಿ ಯಾವೂರಲ್ಲಿದೆ ಎಂದು ಜಗಳವಾಯಿತು. ಜಗಳದ ನಡುವೆಯೇ ಆಟ ಹದಕ್ಕೆ ಬಂತು.

ಮಧ್ಯಾಹ್ನದ ಊಟ ಅವನ ಮನೆಯಲ್ಲೇ. ಅಲ್ಲಿನ ಪಾಂಡೇಸರಾ ಬಡಾವಣೆಯ ಬಟ್ಟೆ ಮಿಲ್ಲಿನಲ್ಲಿ ಬಣ್ಣದ ಮಾಸ್ಟರ್ ಆಗಿ ಅವನ ತಂದೆ ದಾವಣಗೆರೆಯಿಂದ ಬಂದು ಎಷ್ಟೋ ವರ್ಷವಾಗಿತ್ತು. ಸುಧನ್ವ ಹುಟ್ಟಿದ್ದು, ಓದಿದ್ದು ಎಲ್ಲ ಸೂರತ್‌ನಲ್ಲೇ. ಅವನ ಕನ್ನಡವೆಂದರೆ ಅಮ್ಮನ ಬಾಯಿಂದ ಕೇಳಿದಷ್ಟೇ.

"ಬಾರವ್ವ, ಮಂಡಕ್ಕಿ ಕಲಸೀನಿ, ಮೆಣಸಿನಕಾಯಿ ಬಿಸಿ ಐತಿ," ಎಂದು ಅವನ ಅಮ್ಮ ನಳಿನಿ ಕರೆದರೆ ನಿಶ್ಚಿತಾಳ ಕಣ್ಣು ತುಂಬುತ್ತಿತ್ತು. ಮೆಣಸಿನಕಾಯಿ ಖಾರ ಎಂದು ಸುಳ್ಳು ಹೇಳುತ್ತಿದ್ದಳು.

ಒಂದು ಶನಿವಾರ ಸ್ಟೇಷನ್‌ನಲ್ಲಿ ಬೀಳ್ಕೊಡುವಾಗ ಅವನು, "ಹುಷಾರಾಗಿ ಹೋಗಿ, ನಿಶ್ಚಿತಾ," ಎಂದ.

ರೈಲು ಹೊರಟ ಮೇಲೆ ಅವಳಿಗೆ ಹೊಳೆಯಿತು. ಬೇನ್ ಎಲ್ಲಿ ಹೋಯಿತು?

ಗುಜರಾತಿನಲ್ಲಿ ಹೆಂಗಸರೆಲ್ಲ ಬೇನ್, ಗಂಡಸರೆಲ್ಲ ಭಾಯಿ. ಅಕ್ಕ, ಅಣ್ಣ ಅಂದ ಹಾಗೆ. ತರಕಾರಿಯವನೂ ಬೇನ್ ಅನ್ನುತ್ತಾನೆ, ಆಟೋದವನೂ ಅನ್ನುತ್ತಾನೆ. ಇವನೊಬ್ಬ ಅನ್ನುವುದನ್ನು ನಿಲ್ಲಿಸಿದ್ದಾನೆ... ವಡೋದರಾ ಬಂದು ಹೋಗಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಅವನ ಕಂಪನಿಯ ತೀರ್ಮಾನದ ದಿನ ಸಂಜೆ ಫೋನ್ ಟಿಣ್ ಎಂದಿತು. ಇಂಗ್ಲಿಷ್ ಅಕ್ಷರದಲ್ಲಿ ಅವನ ಕನ್ನಡ.

'ಮೀಟಿಂಗ್ ಮುಗೀತು. ಝೂಲಾ ಆಟ ಬಿಡ್ತೀವಿ. ಪಕ್ಕಾ. ಎಲ್ಲಾ ನಿಮ್ಮಿಂದಲೇ.'

ನಿಶ್ಚಿತಾ ಕುಸಿದು ಕೂತಳು. ಬಿಡ್ತಾರಂತೆ! ಅದೂ ಎಲ್ಲಾ ನನ್ನಿಂದಲೇ ಅಂತೆ! ಇಷ್ಟು ದಿನ ಜೊತೆಗೆ ಕೂತು ಬೆವರು ಸುರಿಸಿದ್ದಕ್ಕೆ ತಪ್ಪೂ ನನ್ನ ತಲೆಗೇ. ಝೂಲಾ ಹೋಯಿತು, ಶನಿವಾರಗಳೂ ಹೋದವು... ಮನುಷ್ಯನಿಗೆ ಫೋನ್ ಮಾಡಿ ಹೇಳುವಷ್ಟೂ ಮನಸ್ಸಾಗಲಿಲ್ಲವೇ?

ಕಣ್ಣೊರೆಸಿಕೊಂಡು ಉತ್ತರ ಬರೆದಳು. 'ಆಯ್ತು, ಸುಧನ್ವಭಾಯಿ.'

ಅತ್ತ ಸೂರತ್‌ನಲ್ಲಿ ಆ ಭಾಯಿ ಎಂಬ ಎರಡಕ್ಷರ ನೋಡಿ ಒಬ್ಬನ ಎದೆ ಒಡೆದದ್ದು ಅವಳಿಗೆ ಹೇಗೆ ತಿಳಿಯಬೇಕು?

ಇನ್ನು ಕೆಲಸ ಉಳಿಯುವುದಿಲ್ಲವೆಂದು, ಉತ್ತರಾಯಣದ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಊರಿನ ರೈಲು ಹತ್ತಿದಳು. ಹೊರಗೆ ಪ್ರತಿ ತಾರಸಿಯಲ್ಲೂ ಜನ, ಆಕಾಶದ ತುಂಬ ಗಾಳಿಪಟ. ಅವಳು ಕಿಟಕಿಯ ಪರದೆ ಎಳೆದುಕೊಂಡಳು. ವಡೋದರಾ ದಾಟುತ್ತಿದ್ದಂತೆ ಮಹೇಶ್‌ಭಾಯಿಯ ಫೋನ್ ಬಂತು. ಹಿನ್ನೆಲೆಯಲ್ಲಿ ಡೋಲು, ಪೀಪಿ.

"ನಿಶ್ಚಿತಾಬೇನ್, ಗೆದ್ದುಬಿಟ್ಟೆ! ಸೂರತ್‌ನವರ ಮೇಲ್ ನಿನ್ನೆಯೇ ಬಂದಿದೆ, ನಾನು ಈಗ ನೋಡಿದೆ. ರಿಕ್ಷಾ ರಾಜ ಝೂಲಾಗೆ ಬರ್ತಿದೆ. ಮುಂದಿನ ಆಟಗಳೂ ಕೂಡ. ಝೂಲಾ ಉಳೀತು."

"ಆದ್ರೆ ಸರ್... ಅವರು ಬಿಡ್ತೀವಿ ಅಂದ್ರಲ್ಲ?"

"ಏನದು?"

ಅವಳು ಫೋನ್ ಇಟ್ಟಳು. ಮೆಸೇಜ್ ತೆಗೆದು ಮತ್ತೆ ಓದಿದಳು. ಬಿಡ್ತೀವಿ... ಬಿಡುಗಡೆ ಮಾಡ್ತೀವಿ... ಎಲ್ಲಾ ನಿಮ್ಮಿಂದಲೇ...

ಅಯ್ಯೋ ದೇವರೇ. ನಾನು ಭಾಯಿ ಅಂದುಬಿಟ್ಟೆನಲ್ಲ.

ಸೂರತ್ ಬಂದಾಗ ಬ್ಯಾಗ್ ಹೆಗಲಿಗೇರಿಸಿ ಇಳಿದೇ ಬಿಟ್ಟಳು.

ಅವನ ಮನೆ ತಾರಸಿಯ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು. ಸುಧನ್ವ ಗಾಳಿಪಟದ ದಾರ ಹಿಡಿದು ನಿಂತಿದ್ದ, ಹಬ್ಬದ ಕಳೆ ಮುಖದಲ್ಲಿರಲಿಲ್ಲ. ಪಕ್ಕದಲ್ಲಿ ನಳಿನಿ ದಾರದ ಉರುಳೆ ಹಿಡಿದಿದ್ದರು. ಅವಳನ್ನು ಕಂಡು ಅವನ ಕೈ ಸಡಿಲಾಯಿತು. ಯಾರದೋ ಗಾಳಿಪಟ ಬಂದು ಅವನದನ್ನು ಕತ್ತರಿಸಿಕೊಂಡು ಹೋಯಿತು.

"ಆಟ ಬಿಡೋದು ಅಂದ್ರೆ ಏನು, ಹೇಳಿ ನೋಡೋಣ," ಎಂದಳು.

"ಗಾಳಿಪಟ ಬಿಡ್ತೀವಲ್ಲ, ಹಾಗೆ. ಬಿಡು ಬಿಡು ಅಂತ ಅಮ್ಮ ಚಿಕ್ಕಂದಿನಿಂದ ಹೇಳ್ತಿದ್ರು. ಬಿಡೋದು ಅಂದ್ರೆ ಮೇಲೆ ಕಳಿಸೋದು... ಅಲ್ವಾ?"

ನಳಿನಿ ಹಣೆ ಚಚ್ಚಿಕೊಂಡರು. "ಆಟ ಬಿಡೋದು ಅಂದ್ರ ಆಡೋದು ನಿಲ್ಸೋದಲೇ! ಈ ಹುಡುಗಿ ಎಷ್ಟು ಅತ್ತೈತೋ ಏನೋ."

ಸುಧನ್ವನ ಮುಖ ನಿಜಕ್ಕೂ ಸುಟ್ಟ ಬದನೆಕಾಯಿಯಾಯಿತು. ನಿಶ್ಚಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಮತ್ತೆ ನೀವು... ಭಾಯಿ ಅಂದ್ರಿ," ಎಂದ ಅವನು ಮೆಲ್ಲಗೆ.

"ಸಿಟ್ಟಿಗೆ ಅಂದಿದ್ದು. ವಾಪಸ್ ತಗೊಂಡೆ."

ನಳಿನಿ ಉರುಳೆಯನ್ನು ಅವಳ ಕೈಗಿತ್ತರು. "ಹಿಡ್ಕೊಳವ್ವ. ಮಂಡಕ್ಕಿ ಕಲಸ್ತೀನಿ," ಎಂದು ಕೆಳಗಿಳಿದು ಹೋದರು.

ಸುಧನ್ವ ಹೊಸ ಗಾಳಿಪಟಕ್ಕೆ ದಾರ ಕಟ್ಟಿದ. ಗಂಟು ಬಿಗಿಯಾಗಲೊಲ್ಲದು.

"ಒಂದು ಮಾತು ಹೇಳ್ಲಾ? ಇದಕ್ಕೆ ಬೇರೆ ಅರ್ಥ ಇದ್ರೆ ಮೊದ್ಲೇ ಹೇಳಿಬಿಡಿ. ನನಗೆ ನೀವು ಅಂದ್ರೆ ಇಷ್ಟ."

"ಇದಕ್ಕೆ ಒಂದೇ ಅರ್ಥ," ಎಂದಳು ಅವಳು. "ನನಗೂ ಅದೇ ಅರ್ಥ."

ಗಾಳಿಪಟ ತಾರಸಿಯಿಂದ ಮೇಲೆದ್ದಿತು. ಅವಳ ಕೈಯ ಉರುಳೆ ತಿರುಗತೊಡಗಿತು. ಆಗ ಅವಳ ಹೆಗಲ ಬ್ಯಾಗ್ ಅವನ ಕಣ್ಣಿಗೆ ಬಿತ್ತು.

"ಅರೆ, ನಿಮ್ಮ ರೈಲು! ಸಂಜೆ ಬೇರೆ ಗಾಡಿ ಇದೆ. ಸ್ಟೇಷನ್‌ಗೆ ಬಿಡ್ಲಾ?"

"ಬಿಡ್ತೀರಾ?"

ಅವನು ಈ ಸಲ ಮಾತನ್ನು ಅಳೆದು ತೂಗಿಯೇ ಆಡಿದ.

"ಗಾಳಿಪಟ ಬಿಡ್ತೀನಿ. ಆಟ ಬಿಡ್ತೀನಿ," ಎಂದ. "ನಿಮ್ಮನ್ನ ಮಾತ್ರ... ಬಿಡಲ್ಲ."